ಗಿಡ್ಡ ದೊರೆ, ಪೋರಿ ದೊರೆ: ಕ್ರಾಕೋವ್‌ನಲ್ಲಿ ಕಂಡ ಹಳೆಯ ಪೋಲೆಂಡ್

ಗುರುವಾರ

ವಾರ್ಸಾದಲ್ಲಿ ಹತ್ತಿದ ರೈಲು ಎರಡೂವರೆ ಗಂಟೆಗೆ ಕ್ರಾಕೋವ್‌ನಲ್ಲಿ ಇಳಿಸಿತು. ಈ ಊರಿಗೆ ಬರುವ ನಮ್ಮವರಲ್ಲಿ ಬಹಳಷ್ಟು ಜನ ಒಂದು ದಿನ ಆಶ್‌ವಿಟ್ಜ್ ನೋಡಿ, ಇನ್ನೊಂದು ದಿನ ಪೇಟೆ ಸುತ್ತಿ, ಪ್ರಾಗ್‌ಗೋ ವಿಯೆನ್ನಾಕ್ಕೋ ಹೊರಟುಬಿಡುತ್ತಾರೆ. ನನಗೆ ಬೇಕಿದ್ದವರು ಹಳೆಯ ರಾಜರು. 1079ರಲ್ಲಿ ಇಲ್ಲಿಯ ರಾಜನೊಬ್ಬ ದೇಶ ಬಿಟ್ಟು ಓಡಿಹೋದ. ಆಮೇಲೆ ಇನ್ನೂರಕ್ಕೂ ಹೆಚ್ಚು ವರ್ಷ ಪೋಲೆಂಡಿನಲ್ಲಿ ಕಿರೀಟ ತೊಟ್ಟ ರಾಜನೇ ಇರಲಿಲ್ಲ. 1138ರಲ್ಲಿ ಸತ್ತ ಮೂರನೇ ಬೊಲೆಸ್ಲಾವ್ ರಾಜ್ಯವನ್ನು ಗಂಡುಮಕ್ಕಳಿಗೆ ಹಂಚಿಕೊಟ್ಟ. ಹಿರಿಯನಿಗೆ ಕ್ರಾಕೋವ್, ಉಳಿದವರಿಗೆ ಉಳಿದದ್ದು. ಮಕ್ಕಳು ತಮ್ಮ ಪಾಲನ್ನು ಮತ್ತೆ ತಮ್ಮ ಮಕ್ಕಳಿಗೆ ಹಂಚಿದರು. ಮುಂದೇನಾಯಿತೆಂದು ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯ ಕಂಡವರಿಗೆ ಹೇಳಬೇಕಾಗಿಲ್ಲ. ಹಾಗೆ ಚೂರಾದ ದೇಶವನ್ನು ಮತ್ತೆ ಒಟ್ಟುಮಾಡಿದವರು ಯಾರು, ಹೇಗೆ ಮಾಡಿದರು ಎಂಬುದಕ್ಕೆ ಸಾಕ್ಷಿಯೆಲ್ಲ ಈ ಒಂದೇ ಊರಿನಲ್ಲಿದೆ.

ಅಕ್ಕನ ಮಗಳು ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಸ್ಟೇಷನ್ನಿಗೆ ಬಂದವಳು, "ಮಾವ, ಮೊದಲು ತಿಂಡೀನಾ ಮೊದಲು ಸಮಾಧೀನಾ?" ಎಂದಳು. ತಿಂಡಿಯೇ ಮೊದಲಾಯಿತು. ರಸ್ತೆಯ ಮೂಲೆ ಮೂಲೆಯಲ್ಲಿ ನಿಂತ ನೀಲಿ ತಳ್ಳುಗಾಡಿಗಳಲ್ಲಿ ಮಾರುವ ಒಬ್ವಜಾನೆಕ್, ಅಂಗೈಗಿಂತ ಅಗಲದ ಭಾರಿ ಕೋಡುಬಳೆಯ ಹಾಗಿರುತ್ತದೆ. ಕಣಕದ ಎಳೆಗಳನ್ನು ಹುರಿಗೊಳಿಸಿ ಬಳೆ ಮಾಡಿ, ಮೊದಲು ಬಿಸಿನೀರಿನಲ್ಲಿ ಅದ್ದಿ ತೆಗೆದು, ಆಮೇಲೆ ಒಲೆಯಲ್ಲಿ ಬೇಯಿಸುತ್ತಾರೆ. ಮೇಲೆ ಗಸಗಸೆ, ಎಳ್ಳು ಅಥವಾ ಹರಳುಪ್ಪು. ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಬೆಳಿಗ್ಗೆಯದು ಸಂಜೆಗೆ ಹಲ್ಲಿಗೆ ಪರೀಕ್ಷೆ ಒಡ್ಡುತ್ತದೆ. ರಾಣಿ ಯಾದ್ವಿಗಾಳಿಗಾಗಿ ಇದನ್ನು ಕೊಂಡ ಖರ್ಚು 1394ರ ಅರಮನೆಯ ಲೆಕ್ಕಪುಸ್ತಕದಲ್ಲಿದೆ. ಆರುನೂರು ವರ್ಷದ ಹಿಂದಿನ ಕಿರಾಣಿ ಲೆಕ್ಕವನ್ನು ಜೋಪಾನವಾಗಿಟ್ಟುಕೊಂಡ ಊರು ಎಂದು ನನಗೆ ಆಗಲೇ ಗೌರವ ಮೂಡಿತು.

ಹಳೆಯ ಊರಿನ ಸುತ್ತ ಇದ್ದ ಕೋಟೆಗೋಡೆಯನ್ನು 19ನೇ ಶತಮಾನದಲ್ಲಿ ಕೆಡವಿ ಆ ಜಾಗಕ್ಕೆ ಮರ ನೆಟ್ಟಿದ್ದಾರೆ. ಅಕ್ಟೋಬರ್ ಆದ್ದರಿಂದ ಕಾಲಿಗೆಲ್ಲ ಹಳದಿ ಎಲೆ. ಉತ್ತರದಲ್ಲಿ ಮಾತ್ರ ಗೋಡೆಯ ತುಂಡೊಂದು, ಫ್ಲೋರಿಯನ್ ಬಾಗಿಲು, ಅದರ ಮುಂದೆ 1498-99ರಲ್ಲಿ ಕಟ್ಟಿದ ದುಂಡನೆಯ ಕಾವಲು ಬುರುಜು ಬಾರ್ಬಿಕನ್ ಉಳಿದಿವೆ. ಬಾಗಿಲು ದಾಟಿ ನೇರ ನಡೆದರೆ ದೊಡ್ಡ ಚೌಕ ಸಿಗುತ್ತದೆ. ಒಂದೊಂದು ಬದಿ ಸುಮಾರು ಇನ್ನೂರು ಮೀಟರ್. ಮಧ್ಯಯುಗದ ಯುರೋಪಿನಲ್ಲಿ ಇಷ್ಟು ದೊಡ್ಡ ಚೌಕಗಳು ವಿರಳ.

ಈ ಚೌಕದ ಹುಟ್ಟಿಗೆ ತಾರೀಖಿದೆ: 1257ರ ಜೂನ್ 5. ಹದಿನಾರು ವರ್ಷದ ಹಿಂದೆ, 1241ರಲ್ಲಿ, ಮಂಗೋಲರು ಊರನ್ನು ಸುಟ್ಟು ಹೋಗಿದ್ದರು. ಬ್ರಹ್ಮಚಾರಿ ಎಂದೇ ಹೆಸರಾದ ಐದನೇ ಬೊಲೆಸ್ಲಾವ್ ಆಗ ಇಲ್ಲಿಯ ಪ್ರಭು. ಜರ್ಮನಿಯ ಮಾಗ್ಡೆಬುರ್ಗ್ ಪಟ್ಟಣದ ಕಾನೂನಿನ ಪ್ರಕಾರ ಹೊಸ ಊರು ಕಟ್ಟಲು ಅವನು ಸನ್ನದು ಕೊಟ್ಟ. ಸೈಲೀಷಿಯಾ ಕಡೆಯಿಂದ ಜರ್ಮನ್ ಮಾತನಾಡುವ ವ್ಯಾಪಾರಿಗಳು ಬಂದರು. ಅವರಿಗೆ ತಮ್ಮದೇ ನ್ಯಾಯಸ್ಥಾನ, ತಮ್ಮದೇ ಮುಖಂಡ, ಮೊದಲ ಕೆಲವು ವರ್ಷ ತೆರಿಗೆಯಿಂದ ವಿನಾಯಿತಿ. ಹಗ್ಗ ಹಿಡಿದು ಅಳೆದು, ಬೀದಿಗಳನ್ನು ಅಡ್ಡ ಉದ್ದ ಗೀಟೆಳೆದರು. ಪ್ರಭುವಿನ ಹಳ್ಳಿಗಳ ರೈತರನ್ನು ಪಟ್ಟಣಿಗರಾಗಿ ಸೇರಿಸಿಕೊಳ್ಳಬಾರದು ಎಂಬ ಷರತ್ತೂ ಸನ್ನದಿನಲ್ಲಿತ್ತು. ಹೊಲ ಬಿಟ್ಟು ಎಲ್ಲರೂ ಪೇಟೆ ಸೇರಿದರೆ ಉಳುವವರು ಯಾರು!

ಗೀಟಿಗೆ ಸೊಪ್ಪು ಹಾಕದ ಕಟ್ಟಡಗಳೂ ಇವೆ. ಸಂತ ಮೇರಿಯ ದೊಡ್ಡ ಚರ್ಚು ಚೌಕಕ್ಕೆ ಓರೆಯಾಗಿ ನಿಂತಿದೆ. ಆ ಜಾಗದ ಮೊದಲ ಚರ್ಚು 1257ಕ್ಕಿಂತ ಮುಂಚಿನದು. ದಕ್ಷಿಣದ ಮೂಲೆಯಲ್ಲಿ ಸಂತ ವೊಯ್ಚೆಕ್‌ನ ಪುಟ್ಟ ಚರ್ಚು ಇನ್ನೂ ಹಳೆಯದು. ಶತಮಾನಗಳ ಕಸ, ಮಣ್ಣು, ಕಲ್ಲುಹಾಸು ಸೇರಿ ಚೌಕದ ನೆಲವೇ ಮೇಲೆದ್ದು, ಆ ಚರ್ಚಿನ ಬುಡ ಈಗ ಕೆಳಗೆ ಹುದುಗಿದೆ. ಆ ಕೆಳಗಿನ ಲೋಕವನ್ನು ನೋಡಲು 2010ರಲ್ಲಿ ಚೌಕದ ಅಡಿಯಲ್ಲೇ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಬಂಡಿಗಳ ಗಾಲಿ ಹಾದ ಹಳೆಯ ಕಲ್ಲುಹಾಸಿನ ಪಕ್ಕದಲ್ಲೇ ಸುಮಾರು ಏಳುನೂರು ಕಿಲೋ ತೂಗುವ ಸೀಸದ ಗಟ್ಟಿಯೊಂದಿದೆ. ಸೀಸ, ತಾಮ್ರ, ಉಪ್ಪು, ಬಟ್ಟೆ ಎಲ್ಲವೂ ಇಲ್ಲೇ ತೂಗಿ, ಸುಂಕ ಕಟ್ಟಿ, ಮುಂದೆ ಸಾಗಬೇಕಿತ್ತು. ಸಿಂಹಾಸನಕ್ಕಾಗಿ ದಾಯಾದಿಗಳು ಬಡಿದಾಡುತ್ತಿದ್ದ ಕಾಲದಲ್ಲೂ ಈ ತಕ್ಕಡಿ ನಿಲ್ಲಲಿಲ್ಲ.

ಸಂಜೆ ಗಂಟೆ ಹೊಡೆದೊಡನೆ ಮೇರಿ ಚರ್ಚಿನ ಎತ್ತರದ ಗೋಪುರದಿಂದ ತುತ್ತೂರಿ. ನಾಲ್ಕು ದಿಕ್ಕಿಗೆ ನಾಲ್ಕು ಸಲ ಊದುತ್ತಾರೆ, ಪ್ರತಿ ಸಲವೂ ಸ್ವರ ನಡುವೆಯೇ ತುಂಡಾಗುತ್ತದೆ. ಮಂಗೋಲರ ಬಾಣ ಊದುವವನ ಗಂಟಲಿಗೆ ನಾಟಿದ್ದರಿಂದ ಹಾಗೆ ಎಂದು ಎಲ್ಲ ಗೈಡುಗಳೂ ಹೇಳುತ್ತಾರೆ. ಕತೆ ಚೆನ್ನಾಗಿದೆ. ಆದರೆ ಹಳೆಯ ಯಾವ ವೃತ್ತಾಂತದಲ್ಲೂ ಅದಿಲ್ಲ, 1241ರಲ್ಲಿ ಈ ಗೋಪುರವೂ ಇರಲಿಲ್ಲ. ಕತೆ ಹಬ್ಬಿದ್ದು 20ನೇ ಶತಮಾನದಲ್ಲಿ. ಊದುವವರು ಅಗ್ನಿಶಾಮಕ ದಳದ ನೌಕರರು ಎನ್ನುವುದು ಮಾತ್ರ ನಿಜ. ಬೆಂಕಿ ಕಾಯುವ ಕಾವಲಿನ ಕೆಲಸ ಅದು ಮೊದಲಿಂದಲೂ. ಮಧ್ಯಾಹ್ನ ಹನ್ನೆರಡರ ತುತ್ತೂರಿಯನ್ನು ಪೋಲಿಷ್ ರೇಡಿಯೋ 1927ರಿಂದ ದೇಶಕ್ಕೆಲ್ಲ ಕೇಳಿಸುತ್ತಿದೆ.

ಶುಕ್ರವಾರ

ಇಡೀ ದಿನ ವಾವೆಲ್ ಗುಡ್ಡಕ್ಕೇ ಹೋಯಿತು. ವಿಸ್ತುಲಾ ನದಿಯ ತಿರುವಿನಲ್ಲಿ ಸುಣ್ಣಕಲ್ಲಿನ ಗುಡ್ಡ. ಮೇಲೆ ಅರಮನೆ, ಅದಕ್ಕೆ ಅಂಟಿಕೊಂಡೇ ಪ್ರಧಾನ ಚರ್ಚು. ಗುಡ್ಡದ ಬುಡದಲ್ಲಿ ಡ್ರ್ಯಾಗನ್ನಿನ ಗವಿಯಿದೆ, ಅದರ ಮುಂದೆ ಬೆಂಕಿ ಉಗುಳುವ ಲೋಹದ ಡ್ರ್ಯಾಗನ್ ಇದೆ, ಅದರ ಮುಂದೆ ಸೆಲ್ಫಿ ತೆಗೆಯುವವರ ಜಾತ್ರೆಯಿದೆ. ನಾವು ಮೇಲೆ ಹತ್ತಿದೆವು.

ಅರಮನೆಯ ಅಂಗಳದ ಒಂದು ಮೂಲೆ ತೋರಿಸಿ ಅಕ್ಕನ ಮಗಳು, "ಮಾವ, ಇಲ್ಲಿ ನಮ್ಮ ಶಿವ ಬಂದಿದಾನೆ" ಎಂದಳು. ತಮಾಷೆ ಅಲ್ಲ. ಶಿವನು ಲೋಕದ ಏಳು ಕಡೆಗೆ ಏಳು ಶಕ್ತಿಶಿಲೆಗಳನ್ನು ಎಸೆದನಂತೆ. ದೆಹಲಿಗೆ ಒಂದು, ಮೆಕ್ಕಾಕ್ಕೆ ಒಂದು, ರೋಮಿಗೆ ಒಂದು, ಹೀಗೆ. ಒಂದು ಇಲ್ಲಿ ಬಿದ್ದು, ಸಂತ ಗೆರೆಯೋನ್‌ನ ಹಳೆಯ ಪ್ರಾರ್ಥನಾ ಮಂದಿರದ ಅವಶೇಷದ ಕೆಳಗಿದೆಯಂತೆ. 'ವಾವೆಲ್ ಚಕ್ರ' ಎಂದೇ ಅದಕ್ಕೆ ಹೆಸರು. ಇದು ಯಾವ ಪುರಾಣದ್ದೂ ಅಲ್ಲ, ಕಳೆದ ಶತಮಾನದ ಕಟ್ಟುಕತೆ. ಆದರೂ ಗೋಡೆಗೆ ಬೆನ್ನು ಒತ್ತಿ, ಕಣ್ಣುಮುಚ್ಚಿ ನಿಲ್ಲುವ ಜನ ಎಷ್ಟು ಹೆಚ್ಚಾದರೆಂದರೆ ಗೋಡೆ ಕೊಳೆಯಾಗಿ, ಅವರನ್ನು ದೂರವಿಡಲು ಆಡಳಿತದವರು ಉಪಾಯ ಹುಡುಕಬೇಕಾಯಿತು. ನಾವಿಬ್ಬರೂ ಒರಗಲಿಲ್ಲ. ಶಿವ ಬೇಕೆಂದರೆ ಇಷ್ಟು ದೂರ ಬರಬೇಕಿರಲಿಲ್ಲ.

ಚರ್ಚಿನ ಬಾಗಿಲ ಪಕ್ಕ ಸರಪಳಿಯಲ್ಲಿ ದೊಡ್ಡ ಎಲುಬುಗಳನ್ನು ತೂಗುಹಾಕಿದ್ದಾರೆ. ಡ್ರ್ಯಾಗನ್ನಿನವು ಎಂದು ಪ್ರತೀತಿ. ತಿಮಿಂಗಿಲ, ಮ್ಯಾಮತ್, ಉಣ್ಣೆಯ ಘೇಂಡಾಮೃಗದವು ಎಂದು ತಿಳಿದವರು. ಅವು ಕಳಚಿ ಬಿದ್ದ ದಿನ ಪ್ರಳಯವಂತೆ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಒಳ್ಳೆಯದೇ ಆಯಿತು, ಕಣ್ಣಿಂದಲೇ ನೋಡಬೇಕಾಯಿತು.

ಒಳಹೊಕ್ಕ ಕೂಡಲೆ ಎದುರಾಗುವುದು ರಾಜನ ಸಮಾಧಿಯಲ್ಲ, ರಾಜನೊಬ್ಬ ಕೊಲ್ಲಿಸಿದವನದು. ಚರ್ಚಿನ ನಟ್ಟನಡುವೆ, ಕಂಬಗಳ ಮಂಟಪದ ಕೆಳಗೆ, ಬೆಳ್ಳಿಯ ಪೆಟ್ಟಿಗೆಯಲ್ಲಿ ಬಿಷಪ್ ಸ್ತಾನಿಸ್ಲಾವ್. 1076ರಲ್ಲಿ ಕಿರೀಟ ಧರಿಸಿದ ಎರಡನೇ ಬೊಲೆಸ್ಲಾವ್‌ಗೂ ಇವನಿಗೂ ಜಗಳ ಹತ್ತಿ, 1079ರಲ್ಲಿ ಬಿಷಪ್ ಸತ್ತ. ರಾಜ ಹಂಗೆರಿಗೆ ಓಡಿದ, ತಿರುಗಿ ಬರಲಿಲ್ಲ. ತಪ್ಪು ಯಾರದು? ಇವರ ಮೊದಲ ಚರಿತ್ರಕಾರ, 12ನೇ ಶತಮಾನದ ಆರಂಭದಲ್ಲಿ ಬರೆದ ಹೆಸರು ಗೊತ್ತಿಲ್ಲದ ಪರದೇಶಿ ಸನ್ಯಾಸಿ, ಬಿಷಪ್‌ನನ್ನು ದ್ರೋಹಿ ಎಂದೇ ಕರೆಯುತ್ತಾನೆ. ಆದರೆ ರಾಜ ಸೇಡು ತೀರಿಸಿದ ರೀತಿಯನ್ನೂ ಒಪ್ಪುವುದಿಲ್ಲ. ನೂರು ವರ್ಷ ಕಳೆದ ಮೇಲೆ ಬರೆದ ಕಾದ್ಲುಬೆಕ್‌ನ ವೃತ್ತಾಂತದಲ್ಲಿ ಬಿಷಪ್ ನಿಷ್ಕಳಂಕ, ರಾಜನೇ ಪಾಪಿ. ಕಾದ್ಲುಬೆಕ್ ತಾನೇ ಮುಂದೆ ಕ್ರಾಕೋವ್‌ನ ಬಿಷಪ್ ಆದವನು ಎಂಬುದನ್ನು ನೆನಪಿಟ್ಟುಕೊಂಡೇ ಅದನ್ನು ಓದಬೇಕು. 1253ರಲ್ಲಿ ಸ್ತಾನಿಸ್ಲಾವ್‌ಗೆ ಸಂತಪದವಿ ಸಿಕ್ಕಿತು. ತುಂಡರಿಸಿದ ಅವನ ದೇಹ ತಾನಾಗಿ ಕೂಡಿಕೊಂಡಂತೆ ತುಂಡಾದ ರಾಜ್ಯವೂ ಒಂದು ದಿನ ಕೂಡುತ್ತದೆ ಎಂಬ ಮಾತು ಆಗಲೇ ಹುಟ್ಟಿದ್ದು. ದಂತಕತೆಯೊಂದು ರಾಜಕೀಯ ಕಾರ್ಯಕ್ರಮವಾದ ಬಗೆ ಇದು.

ಆ ಕಾರ್ಯಕ್ರಮವನ್ನು ಪೂರೈಸಿದವನು ಪ್ರಧಾನ ಪೀಠದ ಉತ್ತರಕ್ಕೆ ಮಲಗಿದ್ದಾನೆ. ವ್ಲಾದಿಸ್ಲಾವ್ ವೊಕಿಯೆತೆಕ್, ಅಂದರೆ ಮೊಣಕೈಯುದ್ದದ ವ್ಲಾದಿಸ್ಲಾವ್. ಅಷ್ಟು ಗಿಡ್ಡನಿದ್ದನಂತೆ. ಮರಳುಗಲ್ಲಿನ ಸಮಾಧಿ, ಈ ಚರ್ಚಿನಲ್ಲಿ ರಾಜನಿಗಾಗಿ ಕಡೆದ ಮೊದಲನೆಯದು. ಕೈಯಲ್ಲಿ ಕತ್ತಿ, ಬತ್ತಿದ ಕೆನ್ನೆ. ಸಮಾಧಿಯ ಪಕ್ಕೆಗಳಲ್ಲಿ ಸಾಲಾಗಿ ಕೊರೆದ ಅಳುವ ಜನ. ಇವನಷ್ಟು ಸಲ ಬಿದ್ದು ಎದ್ದ ರಾಜ ಇಲ್ಲಿ ಮತ್ತೊಬ್ಬನಿಲ್ಲ. ಚಿಕ್ಕದೊಂದು ಪಾಲಿಗೆ ಒಡೆಯನಾಗಿ ಹುಟ್ಟಿದ. ಬೊಹೀಮಿಯಾದ ದೊರೆ ವಾತ್ಸ್ಲಾವ್ ಪೋಲೆಂಡಿನ ಕಿರೀಟ ಕಸಿದುಕೊಂಡಾಗ ದೇಶಾಂತರ ಹೋದ. ಊರಿನ ಹೊರಗೆ ಓಯ್ತ್ಸುಫ್ ಕಣಿವೆಯಲ್ಲಿ ಇವನ ಹೆಸರಿನ ಗುಹೆಯಿದೆ. ಒಳಗೆ ಅಡಗಿದಾಗ ಜೇಡ ಬಾಯಿಗೆ ಬಲೆ ನೇಯ್ದು ಕಾಪಾಡಿತಂತೆ. ಹಂಗೆರಿಯವರ ಸಹಾಯದಿಂದ ಮರಳಿ ಬಂದು 1306ರಲ್ಲಿ ಕ್ರಾಕೋವ್ ಹಿಡಿದ. 1308ರಲ್ಲಿ ಬಂದರು ಪಟ್ಟಣ ಗ್ದಾನ್ಸ್ಕ್ ಜರ್ಮನ್ ಧರ್ಮಯೋಧರ ಸಂಘವಾದ ಟ್ಯೂಟಾನಿಕ್ ಯೋಧರ ಪಾಲಾಯಿತು. 1311ರಲ್ಲಿ ಕ್ರಾಕೋವ್‌ನ ಪಟ್ಟಣಿಗರೇ, ತಮ್ಮ ಮುಖಂಡ ಆಲ್ಬರ್ಟ್‌ನ ಹಿಂದೆ, ಇವನ ವಿರುದ್ಧ ಎದ್ದರು. ಮರುವರ್ಷ ಅದನ್ನು ಅಡಗಿಸಿದ. ಕೊನೆಗೆ 1320ರ ಜನವರಿ 20ರಂದು, ಹೆಚ್ಚುಕಡಿಮೆ ಅರವತ್ತರ ವಯಸ್ಸಿನಲ್ಲಿ, ಇದೇ ಚರ್ಚಿನಲ್ಲಿ ಇವನ ತಲೆಗೆ ಕಿರೀಟ ಬಂತು. ಅದಕ್ಕೂ ಮುಂಚೆ ಪಟ್ಟಾಭಿಷೇಕವೆಂದರೆ ಗ್ನಿಯೆಜ್ನೊ ಊರು. 1320ರಿಂದ ಮುಂದೆ, ಒಂದೆರಡು ಬಿಟ್ಟರೆ, ಎಲ್ಲರದೂ ಇಲ್ಲೇ.

ಅವನ ಪಟ್ಟಾಭಿಷೇಕದ ಕತ್ತಿ ಷ್ಚೆರ್ಬಿಯೆತ್ಸ್ ಅರಮನೆಯ ಭಂಡಾರದಲ್ಲಿದೆ. 1795ರಲ್ಲಿ ಪ್ರಷ್ಯದವರು ಭಂಡಾರ ಲೂಟಿ ಮಾಡಿದಾಗ ಕಿರೀಟಗಳೆಲ್ಲ ಹೋದವು. ಈ ಕತ್ತಿ ಮಾತ್ರ ಕೈಯಿಂದ ಕೈಗೆ ದಾಟುತ್ತ 1928ರಲ್ಲಿ ಮರಳಿತು. ಎರಡನೇ ಮಹಾಯುದ್ಧದಲ್ಲಿ ಕೆನಡಾಕ್ಕೆ ಹೋಗಿ 1959ರಲ್ಲಿ ಮತ್ತೆ ಬಂತು. ಹಿಡಿಯ ಚಿನ್ನದ ತಗಡಿನಲ್ಲಿ ಕಪ್ಪು ತುಂಬಿ ಬರೆದ ಸಣ್ಣ ಅಕ್ಷರ, ಬಳ್ಳಿ, ಪ್ರಾಣಿಗಳನ್ನು ನೋಡುತ್ತ ಗಾಜಿಗೆ ಮೂಗು ತಾಗಿಸಿದ್ದೆ. ಕಾವಲಿನ ಹೆಂಗಸು ಕೆಮ್ಮಿದಳು.

ತಂದೆಗೆ ಎದುರಾಗಿ, ದಕ್ಷಿಣದ ಬದಿಯಲ್ಲಿ, ಮಗ ಕಾಜಿಮಿಯೆಜ್. ಪೋಲೆಂಡಿನಲ್ಲಿ 'ಮಹಾ' ಎಂಬ ಬಿರುದು ಇರುವ ಒಬ್ಬನೇ ರಾಜ. ಹಂಗೆರಿಯ ಕೆಂಪು ಕಲ್ಲು, ಮೇಲೆ ಗೋಪುರದಂಥ ಛತ್ರ, ಸುರುಳಿ ಸುರುಳಿ ಗಡ್ಡ, ಕಾಲ ಬಳಿ ಸಿಂಹ. ಅಪ್ಪನಿಗೆ ಮರಳುಗಲ್ಲು, ಮಗನಿಗೆ ಕೆಂಪು ಶಿಲೆ: ಒಂದು ತಲೆಮಾರಿನಲ್ಲಿ ಬೊಕ್ಕಸ ಎಷ್ಟು ಬೆಳೆಯಿತೆಂದು ಬೇರೆ ಹೇಳಬೇಕಿಲ್ಲ. ಮರದ ಪೋಲೆಂಡನ್ನು ಕಂಡು, ಕಲ್ಲಿನ ಪೋಲೆಂಡನ್ನು ಬಿಟ್ಟುಹೋದ ಎಂದು ಇಲ್ಲಿಯ ಮಕ್ಕಳು ಬಾಯಿಪಾಠ ಹೇಳುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಅವನು ಬಿಟ್ಟುಕೊಟ್ಟದ್ದು. ಸೈಲೀಷಿಯಾಕ್ಕಾಗಿ, ಗ್ದಾನ್ಸ್ಕ್‌ಗಾಗಿ ಹೊಡೆದಾಡುತ್ತಲೇ ಇರುವ ಬದಲು ಒಪ್ಪಂದಕ್ಕೆ ಸಹಿ ಹಾಕಿ, ಸಿಕ್ಕ ಬಿಡುವಿನಲ್ಲಿ ಕೋಟೆ, ಪಟ್ಟಣ, ಕಾನೂನು ಕಟ್ಟಿದ. ಅಪ್ಪನ ಹಟ ಇಲ್ಲದಿದ್ದರೆ ರಾಜ್ಯ ಇರುತ್ತಿರಲಿಲ್ಲ. ಮಗ ಹಟ ಬಿಡದಿದ್ದರೆ ಅದು ಉಳಿಯುತ್ತಿರಲಿಲ್ಲ.

ಇವನಿಗೆ ಎರಡು ಸಲ ಅಂತ್ಯಕ್ರಿಯೆ. 1869ರಲ್ಲಿ ಸಮಾಧಿಯ ದುರಸ್ತಿ ಮಾಡುವಾಗ ಕಲ್ಲು ಕಳಚಿ ಒಳಗಿನ ಅಸ್ಥಿ, ಕಿರೀಟ, ರಾಜದಂಡ ಕಾಣಿಸಿದವು. ಚಿತ್ರಕಾರ ಯಾನ್ ಮಾತೆಯ್ಕೊ ಕೂತು ಎಲ್ಲವನ್ನೂ ಬರೆದುಕೊಂಡ. ಆಗ ಪೋಲೆಂಡ್ ಎಂಬ ದೇಶ ನಕ್ಷೆಯಲ್ಲೇ ಇರಲಿಲ್ಲ. ಕ್ರಾಕೋವ್ ಆಸ್ಟ್ರಿಯಾದ ಕೈಯಲ್ಲಿತ್ತು. ಜುಲೈ 8ರಂದು ಮತ್ತೆ ಮಣ್ಣು ಮಾಡಿದಾಗ ಜನ ಊರೇ ತುಂಬಿ ಸೇರಿದರು. ಐನೂರು ವರ್ಷದ ಹಿಂದೆ ಸತ್ತ ರಾಜನ ಮೆರವಣಿಗೆಯನ್ನು ಯಾವ ಸರ್ಕಾರ ತಾನೇ ತಡೆಯಲಾದೀತು?

ಕಾಜಿಮಿಯೆಜ್ 1370ರಲ್ಲಿ ಬೇಟೆಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ. ಪಟ್ಟಕ್ಕೆ ಗಂಡುಸಂತಾನವಿರಲಿಲ್ಲ, ಪೋಲೆಂಡಿನ ಮೊದಲ ದೊರೆ ಮಿಯೆಷ್ಕೊನಿಂದ ನಡೆದುಬಂದ ರಾಜವಂಶ ಅಲ್ಲಿಗೆ ಮುಗಿಯಿತು. ಪಟ್ಟ ಹಂಗೆರಿಯಲ್ಲಿದ್ದ ಸೋದರಳಿಯ ಲೂಯಿಗೆ ಹೋಯಿತು, ಅವನ ನಂತರ ಅವನ ಕಿರಿಯ ಮಗಳು ಯಾದ್ವಿಗಾಳಿಗೆ. 1384ರ ಅಕ್ಟೋಬರ್ 16ರಂದು ಅವಳಿಗೆ ಕಿರೀಟ ಇಟ್ಟಾಗ ವಯಸ್ಸು ಹತ್ತೋ ಹನ್ನೊಂದೋ. ಇಟ್ಟದ್ದು ರಾಣಿಯ ಕಿರೀಟವಲ್ಲ, ರಾಜನದೇ: ಲ್ಯಾಟಿನ್ ದಾಖಲೆಯಲ್ಲಿ 'ರೆಕ್ಸ್'. ಗಂಡನಾಗಿ ಬರುವವನಿಗೆ ಪಟ್ಟದ ಮೇಲೆ ತಾನಾಗಿ ಹಕ್ಕು ಬಾರದಿರಲಿ ಎಂಬುದು ಪ್ರಮುಖರ ಲೆಕ್ಕಾಚಾರ. ಆಸ್ಟ್ರಿಯಾದ ವಿಲಿಯಂ ಜೊತೆ ಎಳವೆಯಲ್ಲೇ ಮದುವೆ ಗೊತ್ತಾಗಿತ್ತು. ಅದನ್ನು ಮುರಿದು, ಲಿಥುವೇನಿಯಾದ ದೊರೆ ಯಾಗಿಯೆಲ್ಲೊಗೆ ಕೊಡಲು ಹಿರಿಯರು ನಿಶ್ಚಯಿಸಿದರು. ವಿಲಿಯಂನನ್ನು ಸೇರಲು ಅವಳು ಕೋಟೆ ಬಾಗಿಲಿಗೆ ಕೊಡಲಿ ಎತ್ತಿದಳು ಎಂದು ಚರಿತ್ರಕಾರ ದ್ವುಗೋಷ್ ಬರೆದಿದ್ದಾನೆ. 1386ರ ಫೆಬ್ರವರಿ 15ಕ್ಕೆ ಯಾಗಿಯೆಲ್ಲೊಗೆ ದೀಕ್ಷಾಸ್ನಾನ, 18ಕ್ಕೆ ಮದುವೆ, ಮಾರ್ಚ್ 4ಕ್ಕೆ ಅವನಿಗೂ ಪಟ್ಟ. ಒಂದು ಮದುವೆಯಿಂದ ಯುರೋಪಿನ ಕೊನೆಯ ದೊಡ್ಡ ಅನ್ಯಧರ್ಮೀಯ ರಾಜ್ಯ ಕ್ರೈಸ್ತವಾಯಿತು, ಎರಡು ದೇಶ ಸೇರಿ ಟ್ಯೂಟಾನಿಕ್ ಯೋಧರಿಗೆ ಸರಿಸಾಟಿಯಾದವು. ಹುಡುಗಿಯನ್ನು ಯಾರಾದರೂ ಕೇಳಿದರೇ ಎಂಬುದು ಬೇರೆ ಮಾತು.

"ಸಂತಳಂತೆ, ಸರಿ. ಅವಳಿಗೆ ಸಿಕ್ಕಿದ್ದೇನು ಮಾವ?" ಎಂದು ಅಕ್ಕನ ಮಗಳು ಪಿಸುಗುಟ್ಟಿದಳು. 1399ರ ಜೂನ್‌ನಲ್ಲಿ ಹೆಣ್ಣುಮಗು ಹೆತ್ತು, ಜುಲೈನಲ್ಲಿ ಮಗುವೂ ತಾನೂ ಕೆಲವೇ ದಿನಗಳ ಅಂತರದಲ್ಲಿ ಹೋದಳು, ಇಪ್ಪತ್ತೈದರ ಆಸುಪಾಸು. ಒಡವೆಗಳನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಬಿಟ್ಟಿದ್ದಳು. 1949ರಲ್ಲಿ ಗೋರಿ ತೆರೆದಾಗ ಸಿಕ್ಕ ರಾಜದಂಡ, ಗೋಳ ಎರಡೂ ಮರದವು, ಚಿನ್ನದ ಬಣ್ಣ ಬಳಿದವು. ಅವಳು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಳೆನ್ನುವ ಕಪ್ಪಾದ ದೊಡ್ಡ ಶಿಲುಬೆಯ ಕೆಳಗೆ ಈಗ ಅವಳ ಅಸ್ಥಿ ಇದೆ. 1997ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಇದೇ ಊರಿನ ಮೈದಾನದಲ್ಲಿ ಅವಳನ್ನು ಸಂತಳೆಂದು ಸಾರಿದರು.

ಯಾಗಿಯೆಲ್ಲೊ ಅವಳಿಗಿಂತ 35 ವರ್ಷ ಹೆಚ್ಚು ಬದುಕಿದ, ಇನ್ನೂ ಮೂರು ಮದುವೆಯಾದ, 1410ರಲ್ಲಿ ಟ್ಯೂಟಾನಿಕ್ ಯೋಧರ ವಿರುದ್ಧ ಗ್ರುನ್ವಾಲ್ಡ್ ಯುದ್ಧ ಗೆದ್ದ. ಶತ್ರುಗಳ ಪತಾಕೆಗಳನ್ನು ತಂದು ನೇತುಹಾಕಿದ್ದು ಸ್ತಾನಿಸ್ಲಾವ್ ಸಮಾಧಿಯ ಬಳಿಯೇ. ಇವನ ಸಮಾಧಿಯ ಬುಡದ ಅಂಚಿನಲ್ಲಿ ಬೇಟೆನಾಯಿಗಳೂ ಡೇಗೆಗಳೂ ಇವೆ. ಬೇಟೆಯೆಂದರೆ ಅಷ್ಟು ಹುಚ್ಚು. ಮುದಿತನದಲ್ಲಿ, ರಾತ್ರಿ ನೈಟಿಂಗೇಲ್ ಹಾಡು ಕೇಳಲು ಹೊರಗೆ ನಿಂತು ಚಳಿ ಹಿಡಿದು ಸತ್ತ ಎನ್ನುತ್ತಾನೆ ಅದೇ ದ್ವುಗೋಷ್.

ಉಳಿದ ಗೋರಿಗಳನ್ನು ಬೇಗ ದಾಟಿದೆವು. ಯಾಗಿಯೆಲ್ಲೊನ ಮಗ ನಾಲ್ಕನೇ ಕಾಜಿಮಿಯೆಜ್‌ನ ಗೋರಿ 1973ರಲ್ಲಿ ತೆರೆದ ತಂಡದ ಕೆಲವರು ಬೇಗನೆ ಸತ್ತು 'ರಾಜಶಾಪ'ದ ಸುದ್ದಿ ಹಬ್ಬಿತ್ತು. ಗೋರಿಯೊಳಗಿನ ಬೂಷ್ಟನ್ನು ಕಾರಣವೆಂದವರೂ ಇದ್ದಾರೆ. ಗೋಪುರ ಹತ್ತಿ 1520ರ ಜಿಗ್ಮುಂಟ್ ಗಂಟೆ ನೋಡಿದೆವು. ಹನ್ನೆರಡು ಟನ್ನಿಗೂ ಹೆಚ್ಚು ಭಾರ, ಬಾರಿಸಲು ಹನ್ನೆರಡು ಆಳು. ನಾಲಿಗೆ ಮುಟ್ಟಿದರೆ ಅದೃಷ್ಟವಂತೆ, ಮುಟ್ಟಿದೆವು.

ಶನಿವಾರ

ಅರ್ಧ ಗಂಟೆಯೊಳಗೆ ಲೋಕಲ್ ರೈಲು ವಿಯೆಲಿಚ್ಕಾಗೆ ಒಯ್ಯುತ್ತದೆ. ಉಪ್ಪಿನ ಗಣಿ. ಮೊದಲೇ 380 ಮರದ ಮೆಟ್ಟಿಲು ಇಳಿಯಬೇಕು. ಇಳಿಯುತ್ತ ಇಳಿಯುತ್ತ ಎಣಿಕೆ ತಪ್ಪಿ ಮೊಣಕಾಲೇ ಲೆಕ್ಕ ಇಟ್ಟುಕೊಂಡಿತು. ನೆಲ, ಗೋಡೆ, ಸೂರು ಎಲ್ಲ ಉಪ್ಪು. ಬೆಳ್ಳಗಲ್ಲ, ಬೂದುಬಣ್ಣದ ಕಲ್ಲಿನಂತೆ. ನಾಲಿಗೆ ತಾಗಿಸಿ ನೋಡಿ ಎಂದು ಗೈಡೇ ಹೇಳಿದಳು. ಅಕ್ಕನ ಮಗಳು ಮುಖ ಸಿಂಡರಿಸಿದಳು, ನಾನು ನೆಕ್ಕಿದೆ. ಉಪ್ಪೇ.

ಬ್ರಹ್ಮಚಾರಿ ಬೊಲೆಸ್ಲಾವ್‌ನ ಹೆಂಡತಿ ಕಿಂಗಾ ಹಂಗೆರಿಯ ರಾಜಕುಮಾರಿ. ತವರಿನ ಉಪ್ಪಿನ ಗಣಿಯಲ್ಲಿ ಉಂಗುರ ಎಸೆದು ಬಂದಳಂತೆ, ಇಲ್ಲಿ ಅಗೆದಾಗ ಮೊದಲು ಬಂದ ಉಪ್ಪಿನ ಗಟ್ಟಿಯಲ್ಲಿ ಅದೇ ಉಂಗುರ. ಹಂಗೆರಿಯಿಂದ ಗಣಿಗಾರರು ಬಂದರೆಂಬುದರ ನೆನಪು ಕತೆಯಾಗಿರಬಹುದು ಎಂದು ನನಗೆ ತೋರಿತು. 101 ಮೀಟರ್ ಆಳದಲ್ಲಿ ಅವಳ ಹೆಸರಿನ ಪ್ರಾರ್ಥನಾ ಮಂದಿರ: 54 ಮೀಟರ್ ಉದ್ದ, ಗೋಡೆಯ ಶಿಲ್ಪ, ನೆಲದ ಹಾಸು, ತೂಗುದೀಪದ ಹರಳು ಎಲ್ಲವೂ ಉಪ್ಪು. ಕೆತ್ತಿದವರು ಶಿಲ್ಪಿಗಳಲ್ಲ, ಗಣಿಯ ಕೆಲಸಗಾರರು. 19ನೇ ಶತಮಾನದ ಕೊನೆಯಲ್ಲಿ ಶುರುಮಾಡಿದ್ದು.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೊಂದು ಕೋಣೆ. ಅಲ್ಲಿ ಒದ್ದೆ ಬಟ್ಟೆ ಹೊದ್ದು ನೆಲದ ಮೇಲೆ ತೆವಳುವ ಮನುಷ್ಯರ ಬೊಂಬೆಗಳಿವೆ, ಕೈಯಲ್ಲಿ ಉದ್ದ ಕೋಲಿನ ತುದಿಗೆ ಪಂಜು. ಸೂರಿನಡಿ ಸೇರಿಕೊಳ್ಳುವ ಮೀಥೇನ್ ಅನಿಲವನ್ನು ಹೀಗೆ ಸ್ವಲ್ಪ ಸ್ವಲ್ಪವಾಗಿ ಸುಡುತ್ತಿದ್ದರು. ತಡವಾಗಿ ಬಂದರೆ ಸುಡುವುದು ಅನಿಲವೊಂದನ್ನೇ ಅಲ್ಲ. ಪಕ್ಕದಲ್ಲಿ ಕುದುರೆಗಳು ಸುತ್ತಿ ಸುತ್ತಿ ಉಪ್ಪು ಮೇಲೆತ್ತುತ್ತಿದ್ದ ಭಾರಿ ಮರದ ಚಕ್ರ. ಇಲ್ಲಿಯ ಕೊನೆಯ ಕುದುರೆ ಬಾಷ್ಕಾ ಮೇಲೆ ಬಂದದ್ದು 2002ರಲ್ಲಿ.

ಒಂದು ಕೋಣೆಯಲ್ಲಿ ಕಾಜಿಮಿಯೆಜ್ ದೊರೆಯ ಉಪ್ಪಿನ ಪ್ರತಿಮೆ. ಇರಲೇಬೇಕು. 1368ರಲ್ಲಿ ಗಣಿಗಳ ಆಡಳಿತಕ್ಕೆ ಲಿಖಿತ ಕಟ್ಟಳೆ ಮಾಡಿದವನು ಅವನು, ಬೊಕ್ಕಸದ ಮೂರನೇ ಒಂದು ಪಾಲು ಉಪ್ಪಿನಿಂದ ಬರುತ್ತಿತ್ತು. ಮೇಲಿನ ಕೆಂಪು ಶಿಲೆಯ ಸಮಾಧಿಯ ಕೆಳಗೆ ಇರುವುದು ಈ ಬೂದು ಕಲ್ಲು. ವಾಪಸು ಮೇಲೆ ಬರಲು ಗಣಿಗಾರರ ಲಿಫ್ಟು. ಅಕ್ಕಿ ಮೂಟೆಗಳಂತೆ ಒತ್ತಿ ನಿಲ್ಲಿಸಿ ಒಂದೇ ಉಸಿರಿಗೆ ಎತ್ತಿಬಿಟ್ಟರು.

ಭಾನುವಾರ

ಮಳೆ. ವಾವೆಲ್‌ನಿಂದ ನದಿಯ ದಡ ಹಿಡಿದು ಹದಿನೈದು ನಿಮಿಷ ನಡೆದರೆ ಸ್ಕಾವ್ಕಾ, ಸ್ತಾನಿಸ್ಲಾವ್ ಸತ್ತನೆನ್ನುವ ಜಾಗ. ಈಗಿನ ಚರ್ಚು 18ನೇ ಶತಮಾನದ್ದು. ಮುಂದೆ ಕೊಳ, ನಡುವೆ ಬಿಷಪ್‌ನ ಪ್ರತಿಮೆ. ಪಟ್ಟಕ್ಕೇರುವ ಹಿಂದಿನ ದಿನ ರಾಜನಾಗುವವನು ವಾವೆಲ್‌ನಿಂದ ಇಲ್ಲಿಗೆ ಕಾಲ್ನಡಿಗೆಯಲ್ಲಿ ಬಂದು, ಬಿಷಪ್‌ನನ್ನು ಕೊಲ್ಲಿಸಿದ ಹಳೆಯ ರಾಜನ ಪಾಪಕ್ಕೆ ತಲೆಬಾಗಿ ಹೋಗಬೇಕಿತ್ತು. ಅದೇ ದಾರಿಯಲ್ಲಿ ಕೊಡೆ ಹಿಡಿದು ನಡೆಯುವಾಗ ಈ ಪದ್ಧತಿಯ ಜಾಣತನ ಹೊಳೆಯಿತು: ಅಧಿಕಾರ ಕೈಗೆ ಬರುವ ಮೊದಲೇ ಅದು ಹೇಗೆ ಕೈತಪ್ಪುತ್ತದೆಂದು ಕಾಲಿಗೆ ಕಲಿಸುವುದು. ದ್ವುಗೋಷ್ ಕೂಡ ಇಲ್ಲೇ ಮಲಗಿದ್ದಾನೆ, ಕವಿ ಚೆಸ್ವಾವ್ ಮಿವೋಷ್ ಕೂಡ.

ಸ್ಕಾವ್ಕಾ ಇರುವ ಬಡಾವಣೆಯ ಹೆಸರೇ ಕಾಜಿಮಿಯೆಜ್. 1335ರಲ್ಲಿ ದೊರೆ ಇದನ್ನು ಬೇರೆ ಪಟ್ಟಣವಾಗಿಯೇ ಕಟ್ಟಿಸಿದ್ದ, ನಡುವೆ ನದಿಯ ಕವಲೊಂದು ಹರಿಯುತ್ತಿತ್ತು. ಕವಲನ್ನು ಮುಚ್ಚಿದ ಜಾಗದಲ್ಲಿ ಈಗ ದಿಯೆತ್ಲಾ ಬೀದಿ, ಟ್ರಾಮು. ಯಹೂದಿಗಳಿಗೆ ರಕ್ಷಣೆ ಕೊಟ್ಟ 1264ರ ಕಾಲಿಷ್ ಸನ್ನದನ್ನು ಅವನು 1334ರಲ್ಲಿ ಊರ್ಜಿತಗೊಳಿಸಿದ. ಯಹೂದಿ ಹೆಣ್ಣು ಎಸ್ತೆರ್ಕಾಳ ಮೇಲಿನ ಪ್ರೀತಿಯೇ ಕಾರಣವೆಂದು ಜನಪದ. ವ್ಯಾಪಾರ ಬಲ್ಲ ಪ್ರಜೆಗಳು ಬೇಕಿದ್ದರು ಎಂಬುದು ಸಾಕಷ್ಟು ಕಾರಣ. 1495ರಲ್ಲಿ ಯಾನ್ ಓಲ್ಬ್ರಾಹ್ಟ್ ದೊರೆ ಕ್ರಾಕೋವ್‌ನ ಯಹೂದಿಗಳನ್ನೆಲ್ಲ ಈ ಕಡೆಗೆ ಸಾಗಿಸಿದ. ನಾಲ್ಕೂವರೆ ಶತಮಾನ ಅವರಿದ್ದ ಬೀದಿಗಳಲ್ಲಿ ಸಿನಗಾಗುಗಳು ಉಳಿದಿವೆ. ಜನರನ್ನು 1941ರಲ್ಲಿ ನಾಜಿಗಳು ನದಿಯಾಚೆಯ ಪೊದ್ಗುಜೆ ಘೆಟ್ಟೋಗೆ ತಳ್ಳಿದರು, 1943ರ ಮಾರ್ಚ್‌ನಲ್ಲಿ ಅದನ್ನೂ ಖಾಲಿ ಮಾಡಿದರು.

ಮಳೆ ನಿಲ್ಲುವ ಲಕ್ಷಣ ಕಾಣಲಿಲ್ಲ. ಪ್ಲಾತ್ಸ್ ನೋವಿಯ ದುಂಡು ಕಟ್ಟಡದ ಕಿಟಕಿಯಲ್ಲಿ ಜಪಿಯೆಕಾಂಕಾ ಕೊಂಡೆವು: ಉದ್ದ ಬ್ರೆಡ್ಡು ಸೀಳಿ ಅಣಬೆ, ಚೀಸ್ ಹಾಕಿ ಸುಟ್ಟದ್ದು. ಸಸ್ಯಾಹಾರಿಗಳಿಗೆ ಒಂದು ಮಾತು: ಆಲೂ ಮತ್ತು ಗಿಣ್ಣು ತುಂಬಿದ ಕಡುಬು, ಪಿಯೆರೋಗಿ, ಎಲ್ಲೆಡೆ ಸಿಗುತ್ತದೆ, ಆದರೆ ಮೇಲೆ ಹಂದಿಕೊಬ್ಬಿನ ಚೂರು ಉದುರಿಸುವುದುಂಟು. ಮೊದಲೇ ಕೇಳಿಕೊಳ್ಳಿ. 'ಬಾರ್ ಮ್ಲೆಚ್ನಿ' ಎಂಬ ಬೋರ್ಡು ಕಂಡರೆ ಬಾರ್ ಎಂದು ಹೆದರಬೇಡಿ. ಅಗ್ಗದ ಊಟದ ಹೋಟೆಲು ಅದು.

ಸೋಮವಾರ

ಕೊಲೇಗಿಯುಂ ಮಾಯುಸ್, ವಿಶ್ವವಿದ್ಯಾಲಯದ ಹಳೆಯ ಕಟ್ಟಡ. ಕಾಜಿಮಿಯೆಜ್ ದೊರೆ 1364ರ ಮೇ 12ರಂದು ವಿಶ್ವವಿದ್ಯಾಲಯದ ಸನ್ನದು ಹೊರಡಿಸಿದ. ಹನ್ನೊಂದು ಪೀಠಗಳು: ಎಂಟು ಕಾನೂನಿಗೆ, ಎರಡು ವೈದ್ಯಕ್ಕೆ, ಒಂದು ಉಳಿದ ಕಲೆಗಳಿಗೆಲ್ಲ ಸೇರಿ. ಹಂಚಿಹೋಗಿದ್ದ ರಾಜ್ಯವನ್ನು ಕೂಡಿಸಿದವರಿಗೆ ಬೇಕಾದದ್ದು ಮೊದಲು ವಕೀಲರು! ಸಂಬಳಕ್ಕೆ ಗೊತ್ತುಮಾಡಿದ್ದು ವಿಯೆಲಿಚ್ಕಾದ ಉಪ್ಪಿನ ಹಣ. ನಮ್ಮ ಗುಂಪಿಗೆ ಇದನ್ನು ಹೇಳಿದಾಗ, ಎರಡು ದಿನದ ಹಿಂದೆ ಗೋಡೆ ನೆಕ್ಕಿದ ನನಗೆ ಒಬ್ಬ ಪ್ರಾಧ್ಯಾಪಕನ ಸಂಬಳದಲ್ಲಿ ಕೈಹಾಕಿದಂತಾಯಿತು. ದೊರೆ ಸತ್ತ ಮೇಲೆ ಸಂಸ್ಥೆ ಸೊರಗಿತು. ದೈವಶಾಸ್ತ್ರ ಕಲಿಸಲು ಪೋಪ್ ಮೊದಲು ಒಪ್ಪಿರಲಿಲ್ಲ. ಯಾದ್ವಿಗಾಳ ಪ್ರಯತ್ನದಿಂದ 1397ರಲ್ಲಿ ಒಪ್ಪಿಗೆ ಬಂತು. ಅವಳ ಒಡವೆಯ ಹಣದ ಬಲದಲ್ಲಿ 1400ರಲ್ಲಿ ಯಾಗಿಯೆಲ್ಲೊ ಈ ಕಟ್ಟಡ ಕೊಡಿಸಿದ. ಇಂದು ಸಂಸ್ಥೆಗೆ ಅವನ ಮನೆತನದ ಹೆಸರು. ಕಟ್ಟಿದವನೊಬ್ಬ, ಒಡವೆ ಬಿಚ್ಚಿದವಳೊಬ್ಬಳು, ಹೆಸರು ಮೂರನೆಯವನದು ಎಂದು ಅಕ್ಕನ ಮಗಳಿಗೆ ಸಿಟ್ಟು.

ಇಟ್ಟಿಗೆ ಕಮಾನುಗಳ ಅಂಗಳದಲ್ಲಿ ಬಾವಿಯಿದೆ. ಹನ್ನೊಂದು ಗಂಟೆಗೆ ಗಡಿಯಾರದ ಬಾಗಿಲು ತೆರೆದು ಯಾದ್ವಿಗಾ, ಯಾಗಿಯೆಲ್ಲೊ, ಹಿಂದೆ ಪಂಡಿತರು, ಮರದ ಬೊಂಬೆಗಳಾಗಿ ಸಾಲಾಗಿ ಹಾದುಹೋಗುತ್ತಾರೆ. ಕೊಪರ್ನಿಕಸ್ 1491ರಿಂದ 1495ರವರೆಗೆ ಇಲ್ಲಿ ಓದಿದ. 1939ರ ನವೆಂಬರ್ 6ರಂದು ಭಾಷಣ ಕೇಳಲು ಬನ್ನಿ ಎಂದು ಪ್ರಾಧ್ಯಾಪಕರನ್ನು ಪಕ್ಕದ ಕಟ್ಟಡಕ್ಕೆ ಕರೆಸಿ, ಜರ್ಮನ್ನರು 183 ಜನರನ್ನು ಬಂಧಿಸಿ ಸೆರೆಶಿಬಿರಕ್ಕೆ ಕಳಿಸಿದ್ದೂ ಇದೇ ವಿಶ್ವವಿದ್ಯಾಲಯದಿಂದ.

ಮೇಲಿನ ಕೋಣೆಯೊಂದರಲ್ಲಿ 1510ರ ಸುಮಾರಿನ ಪುಟ್ಟ ಭೂಗೋಳ. ತಾಮ್ರಕ್ಕೆ ಚಿನ್ನದ ಲೇಪ, ಒಳಗೆ ಗಡಿಯಾರದ ಯಂತ್ರ. ಹೊಸದಾಗಿ ಕಂಡುಹಿಡಿದ ಅಮೆರಿಕ ಎಂಬ ಹೆಸರು ಅದರ ಮೇಲಿದೆ, ಆದರೆ ಹಿಂದೂ ಮಹಾಸಾಗರದಲ್ಲಿ. ಅಕ್ಕನ ಮಗಳು ಬಗ್ಗಿ ನೋಡಿ, "ಮಾವ, ಈ ಲೆಕ್ಕದಲ್ಲಿ ನಮ್ಮೋರೆಲ್ಲ ಮಂಗಳೂರಿಂದ ದೋಣೀಲೇ ಅಮೆರಿಕಕ್ಕೆ ಹೋಗಬಹುದಿತ್ತು. ವೀಸಾ ಕ್ಯೂ ಇರ್ತಿರಲಿಲ್ಲ" ಎಂದಳು. ಗೈಡ್ ಏನೆಂದು ಕೇಳಿದರು. ಇವಳು ಪೋಲಿಷ್‌ನಲ್ಲಿ ತಿಳಿಸಿ ಹೇಳಿದಳು. ಗುಂಪಿನಲ್ಲಿ ನಕ್ಕವರು ಅವರೊಬ್ಬರೇ.

ಮಧ್ಯಾಹ್ನದ ರೈಲಿಗೆ ಇನ್ನೂ ಹೊತ್ತಿತ್ತು. ಕೆಳಗೆ ಬಂದು ತಳ್ಳುಗಾಡಿಯಲ್ಲಿ ದಾರಿಗೆಂದು ಎರಡು ಒಬ್ವಜಾನೆಕ್ ಕಟ್ಟಿಸಿಕೊಂಡೆ, ಎರಡೂ ಗಸಗಸೆಯದೇ. ಉಪ್ಪಿನದು ಸಾಕಾಗಿತ್ತು.